ಬೆಕ್ಕು ನೆಕ್ಕಿದ ಕಾರು

ನಾವುಂದದ ಚಂದಯ್ಯ ನಡುಗಡಲಲ್ಲಿ ನಿಂತುಹೋದ ದೋಣಿಯ ಇಂಜಿನ್ನನ್ನು ಒಂದು ಸ್ಪ್ಯಾನರ್, ಎರಡು ಬೈಗುಳದಲ್ಲಿ ಎಬ್ಬಿಸುತ್ತಿದ್ದ ಮನುಷ್ಯ. ಮಂಡಿನೋವು ಬಂದು ದೋಣಿ ಬಿಟ್ಟ ಮೇಲೆ ಕೈ ಸುಮ್ಮನಿರಬೇಕಲ್ಲ? ಅಮಾಸೆಬೈಲಿನ ಯಾರದೋ ಹಿತ್ತಲಲ್ಲಿ ಬಳ್ಳಿ ಹಬ್ಬಿಸಿಕೊಂಡು ಬಿದ್ದಿದ್ದ ಹಳೇ ಫಿಯಟ್ ಕಾರನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ಬಿಚ್ಚಿದ, ಉಜ್ಜಿದ, ಜೋಡಿಸಿದ, ಮತ್ತೆ ಬಿಚ್ಚಿದ. ಮೀನು ಮಾರಿ ಬಂದ ಹೆಂಡತಿ ಅಮ್ಮಣ್ಣಿ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ಎಂತ, ಇವತ್ತಾರೂ ಕೆಮ್ಮಿತಾ ನಿಮ್ ಕಾರ್?”

ಕೆಮ್ಮಿತು. ಕೊನೆಗೆ ಓಡಿತು ಕೂಡ. ಅಷ್ಟರಲ್ಲಿ ಮಗಳು ಸೌಮ್ಯಶ್ರೀ ಬಸುರಿಯಾದ ಸುದ್ದಿ ಬಂತು. ಚಂದಯ್ಯ ಹಿಗ್ಗಿನಲ್ಲಿ ಊರಿಗೆಲ್ಲ ಕೇಳುವಂತೆ ಹೇಳಿಬಿಟ್ಟ: “ಮಗು ಆಸ್ಪತ್ರೆಯಿಂದ ಮನಿಗ್ ಬಪ್ಪುದ್ ನನ್ ಕಾರಲ್ಲೇ!”

ಮಳೆಗಾಲಕ್ಕೆ ಕಾರು ಬಲೆ ಇಡುವ ಕೊಟ್ಟಿಗೆ ಸೇರಿತು. ದಡಕ್ಕೆ ಎಳೆದ ದೋಣಿಗೆ ಏನೇನು ಉಪಚಾರ ಉಂಟೋ ಅದನ್ನೆಲ್ಲ ಚಂದಯ್ಯ ಕಾರಿಗೂ ಮಾಡಿದ. ತಾರ್ಪಾಲು ಹೊದೆಸಿ, ತಲೆ ಸವರಿ ಬಂದ.

ಮಳೆ ನಿಂತ ಮೇಲೆ ತಾರ್ಪಾಲು ಸರಿಸಿದರೆ ಒಳಗೆ ಇನ್ನೊಂದು ಸಂಸಾರವೇ ನಡೆಯುತ್ತಿತ್ತು. ಬಾನೆಟ್ಟಿನಡಿ ಹರಿದ ಬಲೆಯ ನೂಲಿನ ಮೆತ್ತನೆಯ ಇಲಿಗೂಡು, ಕಡಿದು ತುಂಡಾದ ವಯರು, ಸೀಟಿನ ಹೊಟ್ಟೆಯಿಂದ ಈಚೆ ಬಂದ ನಾರು. ಬಾಗಿಲು ತೆಗೆದದ್ದೇ ತಡ, ಜಿರಳೆಗಳು ದಿಕ್ಕಾಪಾಲಾಗಿ ಓಡಿದವು. ಸ್ಟೇರಿಂಗಿನ ಮೇಲೆ ಇರುವೆಗಳ ಮೆರವಣಿಗೆ ಬೇರೆ.

ಅಮ್ಮಣ್ಣಿ ಸೊಂಟಕ್ಕೆ ಕೈಯಿಟ್ಟು ನೋಡಿದಳು. “ಹ್ವಾಯ್, ಈ ಇಲಿ ಹಿಕ್ಕಿ ಮೇಲೆ ನನ್ ಮೊಮ್ಮಗುನ ಕೂರ್ಸುದಾ? ಆಪುದಲ್ಲ ಹೋಪುದಲ್ಲ. ನಾನ್ ಸೂರನ್ ರಿಕ್ಷಾ ಕರಿತೆ.”

ಸೂರ ಪಕ್ಕದ ಮನೆಯವನು. ಅವನು ಬೇಲಿಯಾಚೆಯಿಂದಲೇ ಹಲ್ಲು ಕಿರಿದ. “ರಿಕ್ಷಾ ತೊಳ್ದ್ ಇಟ್ಟಿದ್ದೆ ಚಂದಯ್ಯಣ್ಣ, ಹೆದ್ರ್ಬೇಡಿ.”

ಕಡಲಿಗೂ ಹೆದರದ ಚಂದಯ್ಯನಿಗೆ ಈ ಮಾತು ನಾಟಿತು. ತನ್ನ ಮೊಮ್ಮಗು ರಿಕ್ಷಾದಲ್ಲಿ ಬರುವುದೆಂದರೆ ಮುಂದೆ ಬಂದರಿನಲ್ಲಿ ಮುಖ ತೋರಿಸುವುದು ಹೇಗೆ?

ಯುದ್ಧ ಶುರುವಾಯಿತು. ಗೂಡು ಕಿತ್ತೆಸೆದ. ಕೊಬ್ಬರಿ ಸಿಕ್ಕಿಸಿ ಇಲಿಬೋನು ಇಟ್ಟ. ಇಲಿಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ನುಸಿಗುಳಿಗೆ ಚೆಲ್ಲಿದ. ಬಾಗಿಲು ಮುಚ್ಚಿ ಧೂಪ ಹಾಕಿದ. ಹೊಗೆ ಕಂಡು ಸೂರ ಕೊಡಪಾನ ಹಿಡಿದು ಓಡಿ ಬಂದ. ಇಲಿಪಾಷಾಣ ತರುತ್ತೇನೆಂದಾಗ ಅಮ್ಮಣ್ಣಿ ಬಿಡಲಿಲ್ಲ. “ಸೀಟಿನ ಒಳ್ಗ್ ಹೋಯ್ ಸತ್ರೆ ನಾತ ತೆಗುದ್ ಯಾರ್?” ಅದೂ ಸರಿಯೇ. ಹೊಸ ವಯರು ಹಾಕಿದರೆ ಬೆಳಗಾಗುವುದರೊಳಗೆ ಅದಕ್ಕೂ ಹಲ್ಲು ಬಿದ್ದಿರುತ್ತಿತ್ತು.

ಕೊನೆಗೆ ಸೂರನಿಗೇ ಪಾಪ ಅನ್ನಿಸಿತು. ತನ್ನ ಮನೆಯ ಹಂಡಬಂಡ ಬೆಕ್ಕನ್ನು ಕಂಕುಳಲ್ಲಿ ಹಿಡಿದು ತಂದ. “ಇದ್ ಒಂದ್ ಇಲಿನೂ ಬಿಡುದಿಲ್ಲ ಕಾಣಿ.”

ಬೆಕ್ಕು ಠೀವಿಯಿಂದ ಕಾರಿನಡಿ ನುಗ್ಗಿತು. ಎಷ್ಟು ಹೊತ್ತಾದರೂ ಕಿಚಕ್ ಇಲ್ಲ, ಪಿಚಕ್ ಇಲ್ಲ. ಅಮ್ಮಣ್ಣಿ ಬಗ್ಗಿ ನೋಡಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಕಾರಿನ ತಳವನ್ನು ನೆಕ್ಕುತ್ತಿತ್ತು. ಅದರ ಮೂಗಿನ ಮುಂದೆಯೇ ಒಂದು ಇಲಿಯೂ ನೆಕ್ಕುತ್ತಿತ್ತು. ಇಬ್ಬರಿಗೂ ಜಗಳವಾಡುವಷ್ಟು ಪುರಸೊತ್ತಿರಲಿಲ್ಲ.

“ಹ್ವಾಯ್, ಅಡಿಗ್ ಎಂತ ಬಳ್ದಿದ್ರಿ?”

“ದೋಣಿಗ್ ಬಳುದೇ. ಮೀನೆಣ್ಣಿ. ತುಕ್ಕ್ ಹಿಡಿಬಾರ್ದ್ ಅಂದೇಳಿ…” ಎನ್ನುತ್ತಲೇ ಚಂದಯ್ಯನ ಬಾಯಿ ನಿಂತುಹೋಯಿತು.

ಅಮ್ಮಣ್ಣಿ ನೆಲದ ಮೇಲೆ ಕೂತು ನಕ್ಕಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ನಕ್ಕು ಮುಗಿದ ಮೇಲೆ ಒಳಗೆ ಹೋಗಿ ಹಂಡೆಯಲ್ಲಿ ನೀರು ಕಾಯಿಸಿದಳು. ಮೀನಿನ ಪಾತ್ರೆ ತಿಕ್ಕುವ ತೆಂಗಿನ ನಾರು, ಸೋಪಿನ ಪುಡಿ, ಸೋಡಾ ಹಿಡಿದು ಗಂಡನ ಜೊತೆ ತಾನೂ ಕಾರಿನಡಿ ತೂರಿದಳು. ಅಂಗುಲ ಅಂಗುಲ ತಿಕ್ಕಿದರು. ಸೀಟುಗಳನ್ನು ಬಿಚ್ಚಿ ಬಿಸಿಲಿಗೆ ಹಾಕಿದರು, ಗೋಡೆಯ ಬಿಲಗಳಿಗೆ ಗಾಜಿನ ಚೂರು ತುಂಬಿ ಸಿಮೆಂಟು ಮೆತ್ತಿದರು. ಬಲೆಗಳು ಬೇರೆ ಕಡೆಗೆ ಹೋದವು. ನೆಕ್ಕಲು ಏನೂ ಉಳಿಯದ ಮೇಲೆ ಇಲಿಗಳೂ ಹೋದವು, ಜಿರಳೆ ಇರುವೆಗಳೂ ಕಾಲು ಕಿತ್ತವು. ಈ ಸಲ ಹಾಕಿದ ಹೊಸ ವಯರು ಹಾಗೇ ಉಳಿಯಿತು.

ಸೌಮ್ಯಶ್ರೀಗೆ ಕುಂದಾಪುರದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಮನೆಗೆ ಕರೆತರುವ ಬೆಳಿಗ್ಗೆ ಅಮ್ಮಣ್ಣಿ ಕಾರು ಹತ್ತುವ ಮುಂಚೆ ಸೂರನನ್ನು ಕೂಗಿದಳು. “ಬೆಕ್ಕ್ ತಕಂಡ್ ಬಾ. ಅದ್ ನೆಕ್ರೆ ನಿನ್ ರಿಕ್ಷಾ.”

ಬೆಕ್ಕನ್ನು ಕಾರಿನಡಿ ಬಿಟ್ಟರು. ಚಂದಯ್ಯ ಉಸಿರು ಬಿಗಿಹಿಡಿದು ನಿಂತ. ಬೆಕ್ಕು ತಳ ಮೂಸಿತು, ಚಕ್ರ ಮೂಸಿತು, ಒಮ್ಮೆ ಆಕಳಿಸಿ ಬೇಲಿ ಹಾರಿ ಮನೆಗೆ ಹೋಯಿತು.

“ಹೊರಡಿ,” ಎಂದಳು ಅಮ್ಮಣ್ಣಿ.

ಬರುವಾಗ ಹೆದ್ದಾರಿಯಲ್ಲಿ ಬಸ್ಸುಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋದವು. ಹಿಂದಿನ ಸೀಟಿನಿಂದ ಒಂದು ಮಾತೂ ಇಲ್ಲ. ಮನೆಯ ಬೇಲಿಯ ದಣಪೆಯ ಹತ್ತಿರ ಕಾರು ನಿಧಾನ ಮಾಡಿದ ಚಂದಯ್ಯನಿಗೆ ಒಳಗೊಳಗೇ ಅಳುಕು. ಸೀಟಿನಿಂದ ಏನಾದರೂ ಹೊರಟಿತೇ?

“ಇಂಜಿನ್ ಆಫ್ ಮಾಡ್ಬೇಡಿ,” ಅಮ್ಮಣ್ಣಿ ಪಿಸುಗುಟ್ಟಿದಳು. ಮಗು ಅವಳ ಮಡಿಲಲ್ಲಿ, ಮಗಳು ಅವಳ ಹೆಗಲಿಗೊರಗಿ, ಇಬ್ಬರೂ ಗಾಢ ನಿದ್ದೆಯಲ್ಲಿದ್ದರು. “ಎಷ್ಟ್ ಲಾಯ್ಕ್ ಮಾಡಿ ಮನ್ಕಂಡಿದ್ರ್ ಕಾಣಿ. ಬೈಂದೂರ್ ತನ್ಕ ಹೋಯ್ ಬಪ್ಪ.”

ಚಂದಯ್ಯ ಗೇರು ಹಾಕಿ, ದಣಪೆಯ ಮುಂದಿನಿಂದಲೇ ಕಾರನ್ನು ಬೈಂದೂರಿನ ಕಡೆಗೆ ಬಿಟ್ಟ.