ವಾಪಸ್ ಬಂದ ಮದರ್‌ಬೋರ್ಡುಗಳು

“ಹೊಸಾವು ಆಮ್ಯಾಲ ನೋಡೂಣ್ರಿ. ಕೆಟ್ಟು ವಾಪಸ್ ಬಂದಾವಲ್ಲ, ಅವನ್ನ ಮೊದ್ಲ ತೋರಸ್ರಿ.”

ಮುಂಡಗೋಡದ ಕಂಪ್ಯೂಟರ್ ಅಂಗಡಿಯಲ್ಲಿ ಅಪ್ಪಟ ನಮ್ಮ ಕಡೆಯ ಕನ್ನಡದಲ್ಲಿ ಹೀಗೆ ಕೇಳಿದವರು ಟಿಬೆಟನ್ ಲಾಮಾ ಒಬ್ಬರು. ತಮ್ಮ ಮಠದ ಆಫೀಸಿಗೆ ಮದರ್‌ಬೋರ್ಡ್ ಕೊಳ್ಳಲು ಬಂದಿದ್ದರು. ನಾನೂ ನಮ್ಮ ಕಚೇರಿಗಾಗಿ ಅದಕ್ಕೇ ಹೋಗಿದ್ದೆ. ಕಂಪ್ಯೂಟರ್ ಇನ್ನೊಮ್ಮೆ ಕೆಟ್ಟರೆ ಮತ್ತೆ ಟೈಪ್‌ರೈಟರೇ ಗತಿ ಎಂದು ಸಾಹೇಬರು ಗದರಿಸಿ ಕಳಿಸಿದ್ದರಿಂದ, ಇದ್ದುದರಲ್ಲೇ ಚಂದದ ಡಬ್ಬಿಯೊಂದನ್ನು ಆರಿಸಿ ಹಿಡಿದುಕೊಂಡಿದ್ದೆ.

ಅಂಗಡಿಯವರು ಮುಖ ಹುಳ್ಳಗೆ ಮಾಡಿಕೊಂಡು, ಒಳಗಿನಿಂದ ರಟ್ಟಿನ ಪೆಟ್ಟಿಗೆ ತಂದು ಸುರಿದರು. ಲಾಮಾ ನೆಲದ ಮೇಲೆ ಕುಳಿತು, ಕೆಟ್ಟ ಬೋರ್ಡುಗಳನ್ನು ಕಂಪನಿವಾರು ಗುಂಪು ಮಾಡತೊಡಗಿದರು. ಕುತೂಹಲ ತಡೆಯದೆ ನಾನೂ ಪಕ್ಕದಲ್ಲಿ ಕುಳಿತೆ. ಎಲ್ಲಕ್ಕಿಂತ ದೊಡ್ಡ ಗುಂಪು ನನ್ನ ಕೈಯಲ್ಲಿದ್ದ ಡಬ್ಬಿಯ ಕಂಪನಿಯದೇ! ಹೆಚ್ಚು ಮಾರಿದ್ದಕ್ಕೆ ಹೆಚ್ಚು ವಾಪಸ್ ಬಂದಿರಬಹುದಲ್ಲ ಎಂದೆ.

“ಖರೇ ಐತಿ,” ಎಂದ ಅವರು ಅಂಗಡಿಯವರತ್ತ ತಿರುಗಿದರು. “ಹೆಚ್ಚು ಯಾವ್ದು ಮಾರೀರಿ?”

ಅಂಗಡಿಯವರು ಕಪಾಟಿನ ಮೂಲೆಯಲ್ಲಿದ್ದ ಸಾದಾ ಡಬ್ಬಿ ತೋರಿಸಿದರು. ರಾಶಿಯಲ್ಲಿ ಆ ಕಂಪನಿಯದು ಒಂದೇ ಇತ್ತು. ದರವೂ ಕಡಿಮೆ. ಇಬ್ಬರೂ ಅದನ್ನೇ ಕೊಂಡೆವು.

ಈಗ ಮಿಕ್ಸರ್ ಕೊಳ್ಳಲು ಹೋದರೂ ವಾಪಸ್ ಬಂದ ಮಾಲನ್ನೇ ಮೊದಲು ಕೇಳುತ್ತೇನೆ. ತೋರಿಸುವವರು ಕಡಿಮೆ. ತೋರಿಸಿದವರ ಅಂಗಡಿ ಬಿಟ್ಟು ನಾನು ಬೇರೆ ಕಡೆ ಹೋಗುವುದಿಲ್ಲ.