ಏರಿದ ಮೇಲೆ ಇಳಿಯುವ ಜ್ವರ

ಶಾಂತಿಪುರದಲ್ಲಿ ಭವತೋಷ್ ಸಾನ್ಯಾಲರಷ್ಟು ಓದಿದ ವೈದ್ಯರಿರಲಿಲ್ಲ, ಅವರಷ್ಟು ಬೈಸಿಕೊಂಡವರೂ ಇರಲಿಲ್ಲ. ಕಲ್ಕತ್ತೆಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಬಂದವರು. ತಾವು ಕೊಟ್ಟ ಪೆನಿಸಿಲಿನ್ ಮೈಗೊಗ್ಗದೆ ಮೀನುಗಾರರ ಹುಡುಗಿಯೊಬ್ಬಳು ಕಣ್ಣೆದುರೇ ಸತ್ತ ದಿನ ಸಿರಿಂಜನ್ನು ಕೆಳಗಿಟ್ಟರು, ಮತ್ತೆ ಮುಟ್ಟಲಿಲ್ಲ. ಹೋಮಿಯೋಪತಿ ಕಲಿತು ಗುಳಿಗೆಯ ಪೆಟ್ಟಿಗೆ ಹಿಡಿದು ಕೂತರು. ನಂಟರ ಬಾಯಿಗೆ ಬೀಗ ಹಾಕುವವರು ಯಾರು? 'ಸಕ್ಕರೆ ಡಾಕ್ಟರು' ಎಂದು ಆಡಿಕೊಂಡರು. ಹೆಂಡತಿ ಬೀಥಿಕಾ ಮಾತ್ರ ಗಂಡನನ್ನು ಬಿಟ್ಟುಕೊಡಲಿಲ್ಲ. ವಾಸನೆಗೆ ಔಷಧಿ ಕೆಡುತ್ತದೆಂದು ಪೂಜೆಗೆ ಕರ್ಪೂರ ಹಚ್ಚುವುದನ್ನೂ ಬಿಟ್ಟಳು.

ಗುಳಿಗೆ ಕೊಡುವಾಗ ಅವರು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು.

"ಮೊದ್ಲು ಕಾಯಿಲೆ ಏರತ್ತೆ, ಹೆದರ್ಬೇಡಿ. ಏರಿದ್ರೆ ಔಷಧಿ ಹಿಡೀತು ಅಂತ್ಲೇ ಲೆಕ್ಕ."

ಊರು ಅದನ್ನು ನಂಬಿತ್ತು. ಅವರೂ ನಂಬಿದ್ದರು.

ಆ ಮಾಘದ ಚಳಿಯಲ್ಲಿ ಬೀಥಿಕಾಗೇ ಜ್ವರ ಬಂತು. ಗುಳಿಗೆ ಕೊಟ್ಟರು, ಜ್ವರ ಏರಿತು. ಔಷಧಿ ಹಿಡಿದಿದೆ ಎಂದು ಅವಳೇ ಗಂಡನಿಗೆ ಸಮಾಧಾನ ಹೇಳಿದಳು. ಬೆಳಗಾಗುವಷ್ಟರಲ್ಲಿ ಅವಳ ಉಸಿರು ಗೊರಗೊರ ಎನ್ನತೊಡಗಿತು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಆಲಿಸಿದರು. ನ್ಯುಮೋನಿಯಾ. ಹಳೆಯ ವಿದ್ಯೆ ಮರೆತಿರಲಿಲ್ಲ.

"ಏಳು, ಆಸ್ಪತ್ರೆಗೆ ಹೋಗೋಣ."

"ತಲೆ ಕೆಟ್ಟಿದ್ಯೇನ್ರಿ? ಡಾಕ್ಟ್ರ ಹೆಂಡ್ತಿನೇ ಆಸ್ಪತ್ರೆ ಸೇರಿದ್ರೆ ನಾಳೆಯಿಂದ ನಮ್ಮ ಬಾಗ್ಲಿಗೆ ನಾಯೀನೂ ಬರಲ್ಲ."

"ಬರದಿದ್ರೆ ಬೇಡ. ನೀನಿರ್ಬೇಕು."

ಬೀಥಿಕಾ ಗೋಡೆ ಹಿಡಿದು ಎದ್ದು ಕೂತಳು. "ಹಂಗಾದ್ರೆ ಹಿತ್ತಲ ಕಡೆಯಿಂದ ಕರ್ಕೊಂಡ್ಹೋಗಿ."

ಹಿತ್ತಲ ಓಣಿಗೆ ರಿಕ್ಷಾ ಬರುವುದಿಲ್ಲ. ಮುಂಬಾಗಿಲಿಗೇ ರಿಕ್ಷಾ ತರಿಸಿ ಅವಳನ್ನು ಹೊರಗೆ ಕರೆತಂದರು. ಜಗಲಿಯ ತುಂಬ ರೋಗಿಗಳು ಕೂತಿದ್ದರು. ಗಂಡನ ಮಾನ ಉಳಿಸಲು ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅವರು ಅದನ್ನು ಸರಿಸಿದರು.

"ಮುಚ್ಕೋಬೇಡ. ಉಸಿರಾಡಕ್ಕೆ ಕಷ್ಟ ಆಗತ್ತೆ."

ಜಗಲಿಯ ಮೇಲಿದ್ದ ಮುದುಕನೊಬ್ಬ ಎದ್ದು ನಿಂತ. "ಎಲ್ಲಿಗೆ ಡಾಕ್ಟರ್‌ಬಾಬು?"

"ಆಸ್ಪತ್ರೆಗೆ," ಎಂದರು ಭವತೋಷ್, ಎಲ್ಲರಿಗೂ ಕೇಳಿಸುವಂತೆ.

ಆ ಹೊತ್ತಿಗೆ ನೇಕಾರರ ಓಣಿಯ ಶೆಫಾಲಿ ಮಗುವನ್ನು ಎದೆಗವಚಿಕೊಂಡು ಬೀದಿಯ ಕಡೆಯಿಂದ ಬಂದಳು. ಅವಳಿಗೆ ಇದಾವುದೂ ತಿಳಿದಿರಲಿಲ್ಲ. ಮುಖದ ತುಂಬ ನಗು.

"ಬಾಬು, ನಿಮ್ಮ ಔಷಧಿ ಚೆನ್ನಾಗಿ ಹಿಡಿದಿದೆ. ನಿನ್ನೆಯಿಂದ ಮೈ ಕೆಂಡ ಆಗಿದೆ, ಕಣ್ಣೇ ಬಿಡ್ತಿಲ್ಲ."

ಭವತೋಷ್ ಮಗುವಿನ ಹಣೆ ಮುಟ್ಟಿದರು. ರಿಕ್ಷಾದಲ್ಲಿ ಹೆಂಡತಿಯ ಪಕ್ಕ ತಾವು ಕೂರಬೇಕಿದ್ದ ಜಾಗ ತೋರಿಸಿದರು.

"ಹತ್ತಮ್ಮ. ಬೇಗ ಹತ್ತು," ಎಂದರು.

ಶೆಫಾಲಿ ಹತ್ತಿ ಕೂತಳು. ಅವಳ ಮುಖದ ನಗು ಇನ್ನೂ ಆರಿರಲಿಲ್ಲ.