ಸುವರ್ಣಮ್ಮನ ಒದ್ದೆ ಬಟ್ಟೆ

ಸುವರ್ಣಮ್ಮನ ಹೊಕ್ಕುಳ ಸುತ್ತ ಬರೆಯ ಕಲೆಗಳಿದ್ದವು. ಕುರುಗೋಡಿನಲ್ಲಿ ಅವಳು ಕೂಸಾಗಿದ್ದಾಗ ಜ್ವರ ಬಂದು ಕೈಕಾಲು ಸೆಟೆದುಕೊಂಡಿದ್ದಕ್ಕೆ ಅಜ್ಜಿ ಹಾಕಿದ್ದು. ಓರಗೆಯ ಹುಡುಗಿಯರಿಗೂ ಅಂಥವೇ ಇದ್ದುದರಿಂದ, ಹೊಟ್ಟೆಯೆಂದರೆ ಹಾಗೇ ಇರುತ್ತದೆ ಎಂದು ಅವಳು ಬಹಳ ಕಾಲ ತಿಳಿದಿದ್ದಳು.

ಓದಲೆಂದು ಬಳ್ಳಾರಿಗೆ ಬಂದು ಸತ್ಯನಾರಾಯಣಪೇಟೆಯ ಸೋದರಮಾವನ ಮನೆಯಲ್ಲಿದ್ದಾಗ, ಪಕ್ಕದ ಮನೆಯ ಸೀತಾಬಾಯಿ ಅವಳನ್ನು ಬಹಳ ಹಚ್ಚಿಕೊಂಡರು. ಸೀತಾಬಾಯಿಯ ಕಿರಿಯ ಮಗನಿಗೆ ಜ್ವರ ಏರಿದಾಗ ಫಿಟ್ಸು ಬರುತ್ತಿತ್ತು. ಒಮ್ಮೆ ಸುವರ್ಣಮ್ಮನ ಎದುರೇ ಬಂತು. ಅವಳು ಕೀಲಿಕೈ ತಂದು ಮಗುವಿನ ಮುಷ್ಟಿಯಲ್ಲಿಡಲು ಹೋದಳು. ಸೀತಾಬಾಯಿ ಬೇಡವೆಂದು ತಲೆಯಾಡಿಸಿ, ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದರು. ಬಾಯಿಗೆ ಏನೂ ಇಡಲಿಲ್ಲ, ನೀರೂ ಹಾಕಲಿಲ್ಲ. ಅಂಗಿ ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿದರು. ಸೆಳೆತ ನಿಂತ ಮೇಲೆ ಡಾಕ್ಟರ ಹತ್ತಿರ ಕರೆದೊಯ್ದರು. ಹುಡುಗಿ ಎಲ್ಲವನ್ನೂ ಕಣ್ಣರಳಿಸಿ ನೋಡಿದಳು. ಆ ರಾತ್ರಿ ಊಟದ ಹೊತ್ತಿಗೆ ತನ್ನ ಹೊಟ್ಟೆಯ ಬರೆಗಳ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳಂತೆ.

ಮುಂದೆ ಸಿರುಗುಪ್ಪದ ಕೊಟ್ರಬಸಪ್ಪನ ಜೊತೆ ಅವಳ ಮದುವೆಯಾಯಿತು. ಅವನು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಅತ್ತೆ ವೀರಭದ್ರಮ್ಮ ಮೆತ್ತನೆ ಜೀವ. ಸೊಸೆ ಬಾಣಂತಿಯಾದಾಗ ತಾನೇ ಕೂತು ನೀರೆರೆದವಳು. ಮೊಮ್ಮಗಳು ಪಂಪಾವತಿಯನ್ನು ನೆಲಕ್ಕಿಳಿಸದೆ ಸಾಕಿದಳು.

ಎಪ್ಪತ್ತೆರಡರ ಬೇಸಗೆ. ಒಂದು ಮಧ್ಯಾಹ್ನ ಪಂಪಿಯ ಮೈ ಕಾದ ಹೆಂಚಿನಂತಾಯಿತು. ನೋಡುತ್ತಿದ್ದಂತೆಯೇ ಕಣ್ಣು ಮೇಲಾಗಿ ಕೈಕಾಲು ಜಗ್ಗತೊಡಗಿದವು. ವೀರಭದ್ರಮ್ಮ ಅಡುಗೆಮನೆಗೆ ಓಡಿ, ಒಲೆಯ ಕೆಂಡದಲ್ಲಿ ಅರಿಸಿನದ ಕೊಂಬು ಸುಟ್ಟು, ಚಿಮ್ಮಟದಲ್ಲಿ ಹಿಡಿದುಕೊಂಡು ಬಂದಳು.

"ಕೂಸಿನ ಹೊಟ್ಟಿ ಈ ಕಡೆ ಮಾಡವ್ವ" ಅಂದಳು.

ಸುವರ್ಣಮ್ಮ ಮಗುವನ್ನು ಪಕ್ಕಕ್ಕೆ ಹೊರಳಿಸಿದ್ದಳು. "ಬ್ಯಾಡ್ರಿ ಅತ್ತಿ. ಅದನ್ನ ಕೆಳಗಿಟ್ಟು ಒಂದು ತಂಬಿಗಿ ನೀರು ತರ್ರಿ. ಉಗುರುಬೆಚ್ಚಗಿರ್ಲಿ."

"ನಿನಗ ತಿಳಿಯಂಗಿಲ್ಲ. ಹಿರೇಮಗಗ ಹೀಂಗ ಆದಾಗ ಬರಿ ಹಾಕಾಕ ತಡ ಮಾಡ್ದೆ, ಹೋಗಿಬಿಟ್ಟ. ಬಸಪ್ಪಗ ಹಾಕಿದ್ದಕ್ಕ ಅಂವ ಉಳಿದ."

ಹಿರಿಯ ಮಗನ ವಿಷಯ ಸುವರ್ಣಮ್ಮ ಕೇಳಿದ್ದೇ ಅಂದು. ಆದರೂ ಮಗುವಿನಿಂದ ಕೈ ತೆಗೆಯಲಿಲ್ಲ.

"ಅತ್ತಿ, ನಿಮ್ಮ ಕಾಲು ಹಿಡ್ಕಂತೀನಿ. ನೀರು ತರ್ರಿ."

ವೀರಭದ್ರಮ್ಮ ನಿಂತಲ್ಲೇ ನಿಂತಳು. ಕೊಂಬಿನ ಕೆಂಪು ಆರಿ ಕಪ್ಪಾಯಿತು. ಆಮೇಲೆ ಅದನ್ನು ಅಂಗಳಕ್ಕೆ ಒಗೆದು ನೀರು ತಂದಳು. ಅಷ್ಟರಲ್ಲಿ ಸೆಳೆತ ನಿಂತು ಪಂಪಿ ಸಣ್ಣಗೆ ಅಳತೊಡಗಿತ್ತು. ಅತ್ತೆ ಸೊಸೆ ಇಬ್ಬರೂ ಸೇರಿ ಮೈ ಒರೆಸಿ, ತೆಳ್ಳನೆ ಬಟ್ಟೆ ಸುತ್ತಿ, ದವಾಖಾನೆಗೆ ನಡೆದರು.

ಡಾಕ್ಟರು ಕೂಸಿನ ಕಿವಿಯಲ್ಲಿ ಕೀವು ಕಂಡರು. "ಜ್ವರ ಬಂದಿದ್ದು ಇದಕ್ಕ. ಸಣ್ಣ ಮಕ್ಕಳಿಗೆ ಜ್ವರ ಏರಿದಾಗ ಫಿಟ್ಸು ಬರೋದುಂಟು. ಬೆಳೀತಾ ಬೆಳೀತಾ ಹೆಚ್ಚಿನ ಮಕ್ಕಳಿಗೆ ನಿಲ್ತದ. ಆದರೂ ಬಂದಾಗೆಲ್ಲ ಕರ್ಕೊಂಡು ಬರ್ರಿ, ಬ್ಯಾರೆ ಏನರೆ ಐತೇನು ನೋಡ್ಬೇಕು" ಎಂದು ಔಷಧ ಕೊಟ್ಟರು.

ಸುವರ್ಣಮ್ಮ ಎದ್ದಳು. ವೀರಭದ್ರಮ್ಮ ಏಳಲಿಲ್ಲ.

"ಸಾಹೇಬ್ರ, ಒಂದು ಮಾತು ಕೇಳ್ತೀನ್ರಿ. ನನ್ನ ಹಿರೇಮಗ ಹೀಂಗ ಹೋದ. ಲಗೂನ ಬರಿ ಹಾಕಿದ್ರ ಉಳೀತಿದ್ನೇನ್ರಿ?"

ಡಾಕ್ಟರು ಕನ್ನಡಕ ತೆಗೆದರು. "ಇಲ್ಲಮ್ಮ. ಬರಿ ಹಾಕಿದ್ದರಿಂದ ಯಾರೂ ಉಳಿಯಂಗಿಲ್ಲ. ಅದು ನಿಮ್ಮ ತಪ್ಪಲ್ಲ."

ಹೊರಗೆ ಬೇವಿನ ಮರದ ಕೆಳಗೆ ಬಂದು ಮುದುಕಿ ಕುಸಿದು ಕೂತಳು. ಅಷ್ಟು ವರ್ಷ ಯಾರಿಗೂ ಹೇಳದೆ ಹೊತ್ತುಕೊಂಡಿದ್ದು ಒಮ್ಮೆಲೇ ಇಳಿದಂತಾಗಿ ಬಿಕ್ಕಿ ಬಿಕ್ಕಿ ಅತ್ತಳು. ಸುವರ್ಣಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲೇ ಕೂತು ಅವಳ ಬೆನ್ನು ಸವರಿದಳು. "ಏನು ಹೆಸರು ಇಟ್ಟಿದ್ರಿ ಅತ್ತಿ?" ಎಂದು ಕೇಳಿದಳು.

"ಮರಿಬಸಪ್ಪ" ಅಂದಳು ವೀರಭದ್ರಮ್ಮ. ಆ ಹೆಸರು ಅವಳ ಬಾಯಿಂದ ಬಂದು ಎಷ್ಟೋ ಕಾಲವಾಗಿತ್ತು. ಮನೆ ಸೇರುವವರೆಗೂ ಆ ಮಗನ ಮಾತೇ ಆಡಿದಳು: ಅವನಿಗೆ ಬೆಲ್ಲ ಅಂದರೆ ಎಷ್ಟು ಆಸೆ, ಮೊದಲ ಹಲ್ಲು ಯಾವಾಗ ಬಂತು, ನಗುವಾಗ ಒಂದೇ ಕೆನ್ನೆಗೆ ಹೇಗೆ ಗುಳಿ ಬೀಳುತ್ತಿತ್ತು.

ಪಂಪಿಗೆ ಆಮೇಲೂ ಎರಡು ಸಲ ಹಾಗಾಯಿತು. ಎರಡೂ ಸಲ ಅಜ್ಜಿಯೇ ಮೊದಲು ಎದ್ದು ಅವಳನ್ನು ಪಕ್ಕಕ್ಕೆ ಮಲಗಿಸಿದಳು. ಶಾಲೆಗೆ ಹೋಗುವ ಹೊತ್ತಿಗೆ ಅದು ನಿಂತೇ ಹೋಯಿತು. ಓಣಿಯ ಹೆಂಗಸರು ಮಕ್ಕಳ ಜ್ವರಕ್ಕೆ ಸುವರ್ಣಮ್ಮನನ್ನು ಕರೆಯತೊಡಗಿದರು. ಅವಳು ಹೋಗಿ ಮೈ ಒರೆಸಿ, ದವಾಖಾನೆಯ ಬಾಗಿಲವರೆಗೂ ಜೊತೆಗೆ ಹೋಗುತ್ತಿದ್ದಳು. ಅವಳು ಗದ್ದೆಯ ಕಡೆ ಹೋಗಿದ್ದ ದಿನ ಅತ್ತೆ ಹೋಗುತ್ತಿದ್ದಳು.

ಅಂಥ ಒಂದು ದಿನ ತನ್ನ ಕೂಸಿನ ಜ್ವರಕ್ಕೆ ಅತ್ತೆಯನ್ನು ಕರೆದ ಹುಲುಗಮ್ಮನೆಂಬ ನೆರೆಯವಳು, "ಅಲ್ಲಬೇ, ನೀನ ಮೊದಲು ಬರಿ ಹಾಕ್ತಿದ್ದೆಲ್ಲ?" ಎಂದು ಕೇಳಿದಳು.

"ಹೌದವ್ವ, ಹಾಕ್ತಿದ್ದೆ. ಈಗ ಗೊತ್ತಾತು" ಎಂದು ವೀರಭದ್ರಮ್ಮ ಕೂಸಿನ ಹಣೆ ಮುಟ್ಟಿ ನೋಡಿದಳು. "ಮಾತು ಆಮ್ಯಾಲೆ ಆಡೋಣ. ಇದರ ಅಂಗಿ ಬಿಚ್ಚು."